ಜೋಗಿಮಟ್ಟಿಯ ಮೂಲಿಕೆಗಳೂ ವಿದ್ಯಾರ್ಥಿಗಳ ಪರೀಕ್ಷಾಭಯವೂ

ಶಿವರಾತ್ರಿಯ ಜಾಗರಣೆ ಮುಗಿದು ಯುಗಾದಿಯ ಬೇವು ಹೂಬಿಡುವ ನಡುವಣ ದಿನಗಳಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಎರಡು ಬಗೆಯ ಕಾವು ಏರತೊಡಗುತ್ತದೆ. ಒಂದು ಕೋಟೆಯ ಬಂಡೆಗಳ ಮೇಲೆ ಸುರಿಯುವ ಬಿಸಿಲಿನದು, ಮತ್ತೊಂದು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಲಿರುವ ಮಕ್ಕಳ ಎದೆಯೊಳಗಿನದು. ರಾತ್ರಿ ಹನ್ನೊಂದಾದರೂ ವಿದ್ಯಾರ್ಥಿನಿಲಯದ ದೀಪ ಆರುವುದಿಲ್ಲ. ವರ್ಷವೆಲ್ಲ ಆರೋಗ್ಯವಾಗಿದ್ದ ಹುಡುಗನಿಗೆ ಗಣಿತದ ಪೂರ್ವಸಿದ್ಧತಾ ಪರೀಕ್ಷೆಯ ದಿನವೇ ಹೊಟ್ಟೆನೋವು ಬರುತ್ತದೆ. ಹಿಂದಿನ ರಾತ್ರಿ ಕಂಠಪಾಠವಾಗಿದ್ದ ಪದ್ಯ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಮರೆತುಹೋಗುತ್ತದೆ. ಮಗನನ್ನು ಕಾಣಲು ಊರಿನಿಂದ ಬರುವ ತಂದೆಯ ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಜೊತೆಗೆ ಬ್ರಾಹ್ಮಿಯ ಲೇಹ್ಯವೋ ಸ್ಮರಣಶಕ್ತಿಯ ಪಾನಕವೋ ಒಂದು ಶೀಶೆಯಲ್ಲಿ ಇರುವುದುಂಟು. ಇಂಥ ಶೀಶೆಗಳನ್ನು ನೂರರ ಲೆಕ್ಕದಲ್ಲಿ ಕೊಂಡು ಬಡಮಕ್ಕಳಿಗೆ ಹಂಚುವ ಉದಾರಿಗಳೂ ಇದ್ದಾರೆ. ಅವರ ಅಂತಃಕರಣ ದೊಡ್ಡದು. ಆದರೆ ಆ ಹಣ ಸರಿಯಾದ ಕಡೆಗೆ ಹರಿಯುತ್ತಿದೆಯೇ ಎಂಬುದು ವಿಚಾರ ಮಾಡತಕ್ಕ ಸಂಗತಿ.

ಈ ಜಿಲ್ಲೆಯ ಮಟ್ಟಿಗೆ ಆ ವಿಚಾರಕ್ಕೆ ವಿಶೇಷವಾದ ತುರ್ತು ಉಂಟು. 2023ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಚಿತ್ರದುರ್ಗವು ಶೇಕಡಾ 96.80ರೊಂದಿಗೆ ಇಡೀ ರಾಜ್ಯದ ಜಿಲ್ಲೆಗಳಲ್ಲಿ ಮೊದಲನೆಯದಾಗಿ ನಿಂತಿತು. ಮಳೆಗೆ ಬಾಯಿಬಿಡುವ ಸೀಮೆಯ ಮಕ್ಕಳು ಕರಾವಳಿಯವರನ್ನು ಹಿಂದಿಕ್ಕಿದರೆಂದು ಎಲ್ಲರೂ ಹಿಗ್ಗಿದರು, ಹಿಗ್ಗಬೇಕಾದುದೇ. ಮರುವರ್ಷ ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾಗಳ ಕಣ್ಗಾವಲು ಬಂದಿತು. ರಾಜ್ಯದ ಒಟ್ಟು ಫಲಿತಾಂಶವೇ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಮೊದಲ ಸ್ಥಾನ ಉಡುಪಿಯ ಪಾಲಾಯಿತು. ಕಳೆದುಕೊಂಡ ಸ್ಥಾನವನ್ನು ಮರಳಿ ಪಡೆಯಬೇಕೆಂಬ ಹಂಬಲ ತಪ್ಪಲ್ಲ. ಆದರೆ ಅದರ ಭಾರ ಅಧಿಕಾರಿಗಳಿಂದ ಮುಖ್ಯೋಪಾಧ್ಯಾಯರಿಗೆ, ಅವರಿಂದ ಉಪಾಧ್ಯಾಯರಿಗೆ ಇಳಿಯುತ್ತ ಕೊನೆಗೆ ಬಂದು ಕೂರುವುದು ಹದಿನೈದು ವರ್ಷದ ಹೆಗಲಿನ ಮೇಲೆ. ಆ ಹೆಗಲು ಕುಸಿದಾಗ ಮದ್ದು ಹುಡುಕುವ ದೊಡ್ಡವರ ಕಣ್ಣು ಸಹಜವಾಗಿಯೇ ಊರಿನ ತೆಂಕಣ ಬೆಟ್ಟದತ್ತ ತಿರುಗುತ್ತದೆ.

ಆ ಬೆಟ್ಟ ಜೋಗಿಮಟ್ಟಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಿಗೆ ಚಾಚಿಕೊಂಡಿರುವ ಗುಡ್ಡಸಾಲಿನ ನೆತ್ತಿ ಅದು. ಎತ್ತರ 3,803 ಅಡಿ. ಬಯಲುಸೀಮೆಯ ನಡುವೆ ಅಷ್ಟಿಷ್ಟು ತಂಪನ್ನೂ ಬಿಡದೆ ಬೀಸುವ ಗಾಳಿಯನ್ನೂ ಉಳಿಸಿಕೊಂಡಿರುವ ಈ ಕಾಡು ಈಗ ವನ್ಯಜೀವಿಧಾಮ. ಇಲ್ಲಿ ಜೋಗಿಯೊಬ್ಬ ನೆಲೆಸಿ ಗಿಡಮೂಲಿಕೆಗಳಿಂದ ಜನರ ರೋಗ ಕಳೆಯುತ್ತಿದ್ದನೆಂಬುದು ಸುತ್ತಲಿನವರ ನಂಬಿಕೆ. ಬೆಟ್ಟದ ಹೆಸರೇ ಅದಕ್ಕೆ ಸಾಕ್ಷಿಯೆಂದು ಹಿರಿಯರು ಹೇಳುತ್ತಾರೆ. ಐತಿಹ್ಯವನ್ನು ಬದಿಗಿಟ್ಟರೂ ಬೆಟ್ಟದ ಮೂಲಿಕಾಸಂಪತ್ತು ಕಟ್ಟುಕಥೆಯಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನಶ್ಚೇತನ ಪ್ರತಿಷ್ಠಾನವು ಅರಣ್ಯ ಇಲಾಖೆಯ ಜೊತೆಗೂಡಿ ಕರ್ನಾಟಕ, ಕೇರಳ, ತಮಿಳುನಾಡುಗಳಲ್ಲಿ ಔಷಧೀಯ ಸಸ್ಯಗಳ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿದಾಗ ತಲಕಾವೇರಿ, ಆಗುಂಬೆ, ಬಿಳಿಗಿರಿರಂಗನ ಬೆಟ್ಟಗಳಂಥ ಹಸಿರು ತಾಣಗಳ ಪಟ್ಟಿಯಲ್ಲಿ ಒಣ ಸೀಮೆಯ ಈ ಜೋಗಿಮಟ್ಟಿಗೂ ಸ್ಥಾನ ದೊರೆಯಿತು. ಬೀಜವೂ ಬೇರೂ ತಮ್ಮ ಹುಟ್ಟುನೆಲದಲ್ಲಿಯೇ ಉಳಿಯಲಿ, ಕೀಳುವ ಕೈ ಅಲ್ಲಿಗೆ ತಲುಪದಿರಲಿ ಎಂಬುದು ಅಂಥ ಪ್ರದೇಶಗಳ ಉದ್ದೇಶ.

ಶರಣಪರಂಪರೆಗೂ ವೈದ್ಯಕ್ಕೂ ನಂಟು ಹಳೆಯದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬಾತ ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಗೊಂಡು, ವಾತ ಪಿತ್ತ ಶ್ಲೇಷ್ಮಗಳ ಪರಿಭಾಷೆಯನ್ನು ತನ್ನ ವಚನಗಳಿಗೆ ತಂದವನು. ಆದ್ದರಿಂದ ಮಠದ ಆಶ್ರಯದಲ್ಲಿ ನಡೆಯುವ ಶಾಲೆಯೊಂದು ಮೂಲಿಕೆಯ ಮಾತನ್ನು ಎತ್ತಿದರೆ ಅದು ಹೊರಗಿನಿಂದ ತಂದ ಮಾತಾಗುವುದಿಲ್ಲ. ಆದರೆ ವೈದ್ಯವು ಕಾಯಕವಾದಾಗ ಕಾಯಕದ ಕಟ್ಟುನಿಟ್ಟೂ ಅದಕ್ಕೆ ಅನ್ವಯಿಸುತ್ತದೆ: ಕೊಡುವ ವಸ್ತು ಯಾವುದು, ಯಾರಿಗೆ, ಎಷ್ಟು, ಎಷ್ಟು ಕಾಲ ಎಂಬುದನ್ನು ತಿಳಿಯದೆ ಕೊಡುವಂತಿಲ್ಲ. ಸ್ಮರಣಶಕ್ತಿಯ ಶೀಶೆಗಳ ವಿಷಯದಲ್ಲಿ ತಪ್ಪುತ್ತಿರುವುದು ಈ ಕಟ್ಟುನಿಟ್ಟೇ.

ಮೊದಲು ಗಿಡ ಯಾವುದೆಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಬಹುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನಗಳನ್ನು ಹೇಳುವಾಗ ಮೇಧ್ಯ, ಅಂದರೆ ಬುದ್ಧಿಗೆ ಹಿತವಾದ, ನಾಲ್ಕು ದ್ರವ್ಯಗಳನ್ನು ಹೆಸರಿಸಲಾಗಿದೆ: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಪುಡಿ, ಗುಡೂಚಿಯ ರಸ, ಶಂಖಪುಷ್ಪಿಯ ಕಲ್ಕ. ಇವುಗಳಲ್ಲಿ ಶಂಖಪುಷ್ಪಿಗೇ ಅಗ್ರಸ್ಥಾನ. ನಾಲ್ಕೇ ಹೆಸರು, ಆದರೆ ಕನ್ನಡನಾಡಿಗೆ ಬರುವಷ್ಟರಲ್ಲಿ ಅವು ನಾಲ್ಕಾಗಿ ಉಳಿಯಲಿಲ್ಲ.

ಮಂಡೂಕಪರ್ಣಿಯೆಂದರೆ ಒಂದೆಲಗ. ಮಲೆನಾಡಿನ ತಂಬುಳಿಯಲ್ಲಿ, ಕರಾವಳಿಯ ಚಟ್ನಿಯಲ್ಲಿ ಎಲ್ಲರೂ ಉಂಡಿರುವ ದುಂಡನೆಯ ಎಲೆ. ಇದನ್ನೇ ಬಹುಮಂದಿ ಬ್ರಾಹ್ಮಿಯೆಂದು ಕರೆಯುತ್ತಾರೆ. ಆದರೆ ವೈದ್ಯಗ್ರಂಥಗಳು ಬ್ರಾಹ್ಮಿಯೆಂದು ಬೇರೆಯಾಗಿ ಹೇಳುವ ಗಿಡ ನೀರುಬ್ರಾಹ್ಮಿ: ದಪ್ಪ ಪುಟ್ಟ ಎಲೆಯ, ಕೆರೆಯಂಚಿನಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಹರಡುವ, ಎಳೆನೇರಳೆ ಹೂವಿನ ಸಸ್ಯ. ಎರಡಕ್ಕೂ ಕುಲವೂ ಬೇರೆ, ಸಾರವೂ ಬೇರೆ. ಪ್ರಯೋಗಶಾಲೆಗಳಲ್ಲಿ ನಡೆದ ಬ್ರಾಹ್ಮಿಯ ಪರೀಕ್ಷೆಗಳು ಹೆಚ್ಚಿನವು ನೀರುಬ್ರಾಹ್ಮಿಯವು. ಅವುಗಳ ಕೀರ್ತಿಯನ್ನು ಉಣ್ಣುತ್ತಿರುವುದು ಮಾತ್ರ ಒಂದೆಲಗವೂ ಹೌದು.

ಶಂಖಪುಷ್ಪಿಯ ಗೊಂದಲ ಇದಕ್ಕಿಂತ ದೊಡ್ಡದು. ಉತ್ತರದ ವೈದ್ಯರು ಆ ಹೆಸರಿನಿಂದ ನೆಲಕ್ಕೆ ಹಬ್ಬುವ, ಬಿಳಿಯ ಅಥವಾ ನಸುಗೆಂಪು ಹೂವಿನ ಒಂದು ಸಸ್ಯವನ್ನು ಬಳಸುತ್ತಾರೆ. ದಕ್ಷಿಣದಲ್ಲಿ ಅನೇಕರು ವಿಷ್ಣುಕ್ರಾಂತಿಯನ್ನು ಶಂಖಪುಷ್ಪಿಯೆನ್ನುತ್ತಾರೆ. ಕೇರಳದ ಪರಂಪರೆಯಲ್ಲಿ ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪದ ಬಳ್ಳಿಯೇ ಶಂಖಪುಷ್ಪಿ. ಮೂರು ಗಿಡ, ಒಂದೇ ಹೆಸರು. ಶೀಶೆಯ ಮೇಲಿನ ಚೀಟಿಯಲ್ಲಿ ಸಂಸ್ಕೃತದ ಹೆಸರನ್ನಷ್ಟೇ ಓದಿದವನಿಗೆ ಒಳಗಿರುವುದು ಯಾವುದೆಂದು ತಿಳಿಯುವ ಬಗೆಯಿಲ್ಲ.

ಇದು ಪಂಡಿತರ ಪದಜಗಳವೆಂದು ತಳ್ಳಿಹಾಕುವಂತೆಯೂ ಇಲ್ಲ. ಗುಡೂಚಿಯೆಂದರೆ ಎಲ್ಲರೂ ಬಲ್ಲ ಅಮೃತಬಳ್ಳಿ. ಕೋವಿಡ್ ಪಿಡುಗಿನ ಕಾಲದಲ್ಲಿ ಜನ ಅದನ್ನು ಮನಬಂದಂತೆ ಕುದಿಸಿ ಕುಡಿದರು. 2021ರಲ್ಲಿ ಮುಂಬಯಿಯ ವೈದ್ಯರು ಹಾಗೆ ಕುಡಿದವರಲ್ಲಿ ಆರು ಮಂದಿಗೆ ಯಕೃತ್ತಿನ ಹಾನಿಯಾದುದನ್ನು ವರದಿಮಾಡಿದರು. ಆಯುಷ್ ಸಚಿವಾಲಯವು ಅದಕ್ಕೆ ಉತ್ತರವಾಗಿ, ಅಮೃತಬಳ್ಳಿಯನ್ನೇ ಹೋಲುವ ಅದರ ದಾಯಾದಿ ಬಳ್ಳಿಯೊಂದನ್ನು ಜನ ತಪ್ಪಾಗಿ ಬಳಸಿರಬಹುದೆಂದು ಹೇಳಿತು. ಯಾರ ವಾದ ಸರಿಯೆಂದು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಎರಡು ವಾದಗಳೂ ಶಾಲೆಗೆ ಹೇಳುವ ಮಾತು ಒಂದೇ: ಗುರುತು ಹಿಡಿಯಲಾರದ ಬಳ್ಳಿಯನ್ನು ಮಕ್ಕಳ ಬಾಯಿಗೆ ಹಾಕಬಾರದು.

ಇನ್ನೊಂದು ವಿನೋದವನ್ನೂ ಗಮನಿಸಬೇಕು. ಜೋಗಿಮಟ್ಟಿಯ ಹೆಸರು ಹೇಳಿ ಮಾರುವ ಬುದ್ಧಿವರ್ಧಕ ಮೂಲಿಕೆಗಳಲ್ಲಿ ಆ ಬೆಟ್ಟದಲ್ಲಿ ನಿಜವಾಗಿ ಬೆಳೆಯುವುದು ಎಷ್ಟು? ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಸದಾ ತೇವ ಬೇಕು. ಹಿಮವತ್ಕೇದಾರದಂಥ ತಂಪಿನ ತಾಣಗಳನ್ನು ಬಿಟ್ಟರೆ ಆ ಕಲ್ಲುನೆಲದಲ್ಲಿ ಅವಕ್ಕೆ ನೆಲೆಯಿಲ್ಲ. ಯಷ್ಟಿಮಧು, ಅಂದರೆ ಜೇಷ್ಠಮಧು, ಬಹುಪಾಲು ಅಫಘಾನಿಸ್ತಾನ, ಇರಾನ್ ಮೊದಲಾದ ದೇಶಗಳಿಂದ ಬರುವ ಬೇರು. ಮನಸ್ಸನ್ನು ಶಮನಗೊಳಿಸುವುದೆಂದು ಪ್ರಸಿದ್ಧವಾದ ಜಟಾಮಾಂಸಿ ಹಿಮಾಲಯದ ಎತ್ತರದಲ್ಲಿ ಹುಟ್ಟುವುದು; ಕಿತ್ತು ಕಿತ್ತು ಅದು ಅಳಿವಿನ ಅಂಚಿಗೆ ಬಂದಿರುವುದರಿಂದ 1997ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಜೋಗಿಮಟ್ಟಿಯ ಒಣನೆಲಕ್ಕೆ ಒಗ್ಗಿದವು ಅಮೃತಬಳ್ಳಿ, ಹುಲ್ಲಿನ ನಡುವೆ ನೀಲಿಯ ಕಣ್ಣು ಬಿಡುವ ವಿಷ್ಣುಕ್ರಾಂತಿ, ಬೀಳುಭೂಮಿಯಲ್ಲಿ ತಾನಾಗಿ ಏಳುವ ಹಿರೇಮದ್ದು, ಬಡವರ ಪಾಲಿನ ನೆಲ್ಲಿ. ಹಿರೇಮದ್ದೆಂದರೆ ಅಶ್ವಗಂಧವೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಈ ಗಿಡಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು: ಊರ ಹೊರಗೆ ಅದನ್ನು ತುಳಿದುಕೊಂಡು ಬಂದು, ಪೇಟೆಯಲ್ಲಿ ಅದರ ಸಂಸ್ಕೃತದ ಹೆಸರಿಗೆ ಹಣ ತೆರುವವರು ಎಷ್ಟೋ ಮಂದಿ.

ಇಷ್ಟರಿಂದ ಮೂಲಿಕೆಗಳೆಲ್ಲ ಹುಸಿಯೆಂದು ಭಾವಿಸುವುದು ಇನ್ನೊಂದು ಬಗೆಯ ಆತುರ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನೀರುಬ್ರಾಹ್ಮಿಯ ಸಾರವನ್ನು ದಶಕಗಳ ಕಾಲ ಶೋಧಿಸಲಾಗಿದೆ. 2001ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 46 ಮಂದಿ ಆರೋಗ್ಯವಂತ ವಯಸ್ಕರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 300 ಮಿಲಿಗ್ರಾಂ ಬ್ರಾಹ್ಮಿಯ ಸಾರವನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಟ್ಟು ನೋಡಿದರು. ಬ್ರಾಹ್ಮಿ ಸೇವಿಸಿದವರ ಕಲಿಕೆಯ ವೇಗ ಹೆಚ್ಚಿತು, ಆತಂಕ ಕಡಿಮೆಯಾಯಿತು. ಆದರೆ ಈ ಗುಣ ಸ್ಪಷ್ಟವಾಗಿ ಕಂಡುದು ಹನ್ನೆರಡು ವಾರಗಳ ಸೇವನೆಯ ಬಳಿಕ. ಹಾಗೆಯೇ 2012ರಲ್ಲಿ ಪ್ರಕಟವಾದ ಭಾರತದ ಪ್ರಯೋಗವೊಂದರಲ್ಲಿ ದೀರ್ಘಕಾಲದ ಒತ್ತಡದಿಂದ ಬಳಲುತ್ತಿದ್ದ 64 ಮಂದಿ ವಯಸ್ಕರಲ್ಲಿ ಅರ್ಧದಷ್ಟು ಜನಕ್ಕೆ ಅಶ್ವಗಂಧದ ಬೇರಿನ ಸಾರವನ್ನು ಅರವತ್ತು ದಿನ ಕೊಟ್ಟಾಗ ಒತ್ತಡದ ಅಳತೆಯೂ ರಕ್ತದಲ್ಲಿನ ಕಾರ್ಟಿಸಾಲ್ ಎಂಬ ಒತ್ತಡದ ರಸವೂ ಇಳಿದವು.

ಈ ಎರಡು ಪ್ರಯೋಗಗಳಲ್ಲಿ ಉಪಾಧ್ಯಾಯರು ಗಮನಿಸಬೇಕಾದುದು ಫಲಿತಾಂಶಕ್ಕಿಂತ ಅದರ ಮಿತಿ. ಸೇವಿಸಿದವರು ವಯಸ್ಕರು, ಮಕ್ಕಳ ಮೇಲೆ ನಡೆದ ಪ್ರಯೋಗಗಳು ಅಲ್ಪ, ಅವುಗಳ ಗಾತ್ರವೂ ಅಲ್ಪ. ಸೇವಿಸಿದ್ದು ಅಳತೆಮಾಡಿ ಶುದ್ಧಗೊಳಿಸಿದ ಸಾರ. ಸಕ್ಕರೆ ಪಾಕದಲ್ಲಿ ಕದಡಿದ ಹತ್ತು ಮೂಲಿಕೆಗಳ ಮಿಶ್ರಣವಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುಣ ತೋರಲು ಬೇಕಾದದ್ದು ತಿಂಗಳುಗಳು. ಮಾರ್ಚಿಯಲ್ಲಿ ಪರೀಕ್ಷೆಯಾದರೆ ಫೆಬ್ರುವರಿಯ ಕೊನೆಗೆ ಹಂಚಿದ ಬ್ರಾಹ್ಮಿ ಮಾಡುವುದೇನು? ಅದು ಹೆಚ್ಚೆಂದರೆ ತನ್ನ ಇನ್ನೊಂದು ಗುಣವನ್ನು ತೋರಿಸೀತು. ಬ್ರಾಹ್ಮಿಯ ಸಾರ ಕೆಲವರಲ್ಲಿ ವಾಕರಿಕೆ, ಹೊಟ್ಟೆ ನುಲಿತ, ಸಡಿಲ ಮಲಗಳನ್ನು ಉಂಟುಮಾಡುವುದು ಪ್ರಯೋಗಗಳಲ್ಲಿಯೇ ಕಂಡುಬಂದಿದೆ. ಮೂರು ಗಂಟೆಯ ಪ್ರಶ್ನೆಪತ್ರಿಕೆಯ ಎದುರು ಕುಳಿತ ಬಾಲಕನಿಗೆ ಇದಕ್ಕಿಂತ ದೊಡ್ಡ ಉಪದ್ರವ ಬೇರೆ ಬೇಡ.

ಹಸಿರೆಂಬ ಮಾತ್ರಕ್ಕೆ ನಿರಪಾಯವೆಂದು ನಂಬುವ ಅಭ್ಯಾಸವನ್ನೂ ಬಿಡಬೇಕಾಗಿದೆ. ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾದ ವರದಿಗಳು ಹಲವು ದೇಶಗಳಿಂದ ಬಂದಿವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿಯೇಬಿಟ್ಟಿತು. ಆ ನಿಷೇಧ ಅತಿಯಾಯಿತೆಂದು ಭಾರತದ ತಜ್ಞರು ಹೇಳಿದರೂ, ಥೈರಾಯ್ಡ್ ದೋಷವಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಜೇಷ್ಠಮಧುವನ್ನು ಬಹುದಿನ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಹಸುಗೂಸಿನ ನಾಲಗೆಗೆ ತೇಯ್ದು ಹಚ್ಚುವ ಬಜೆ ಕನ್ನಡದ ಮನೆಮನೆಯ ಮದ್ದು. ಪಕ್ಕದ ತುಮಕೂರು ಜಿಲ್ಲೆಯ ಕೊರಟಗೆರೆಯ ಕಡೆ ಅದನ್ನು ಜವುಗುನೆಲದಲ್ಲಿ ಬೆಳೆಯುತ್ತಾರೆ. ಅದರಲ್ಲಿರುವ ಅಸರೋನ್ ಎಂಬ ಅಂಶ ಪ್ರಾಣಿಗಳಲ್ಲಿ ಗಡ್ಡೆಗಳನ್ನು ಉಂಟುಮಾಡಿದ್ದರಿಂದ ಅಮೆರಿಕವು 1968ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಬೆರೆಸದಂತೆ ತಡೆಯಿತು. ತೊಟ್ಟಿಲ ಮಗುವಿಗೆ ಅಪರೂಪಕ್ಕೊಮ್ಮೆ ಒಂದು ತೇಯ್ತ ಹಚ್ಚುವುದಕ್ಕೂ, ವಾಕ್ಶುದ್ಧಿಯ ಆಸೆಯಿಂದ ಚಮಚಗಟ್ಟಲೆ ಬಜೆಯ ಪುಡಿ ತಿನ್ನಿಸುವುದಕ್ಕೂ ಅಜಗಜಾಂತರ.

ಸರ್ಪಗಂಧದ ಕಥೆ ಎಲ್ಲಕ್ಕಿಂತ ಬೋಧಪ್ರದ. ಹುಚ್ಚಿಗೂ ನಿದ್ರಾಹೀನತೆಗೂ ಹಳ್ಳಿಯ ವೈದ್ಯರು ಬಹುಕಾಲದಿಂದ ಬಳಸಿದ ಬೇರು ಅದು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರಕ್ತದೊತ್ತಡದ ಮೇಲೆ ಅದರ ಪ್ರಭಾವವನ್ನು ಬ್ರಿಟನ್ನಿನ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು; 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಭಾರತದ ಮೂಲಿಕೆಯೊಂದು ಆಧುನಿಕ ಮಾನಸಿಕ ಚಿಕಿತ್ಸೆಯ ಬಾಗಿಲು ತೆರೆದ ಹೆಮ್ಮೆಯ ಪ್ರಸಂಗವದು. ಆದರೆ ಅದೇ ವಸ್ತು ಕೆಲವು ರೋಗಿಗಳನ್ನು ಗಾಢವಾದ ಖಿನ್ನತೆಗೆ ನೂಕಿತೆಂಬ ವರದಿಗಳೂ ಬಂದವು. ಇಂದು ಆಯುರ್ವೇದದಲ್ಲಿಯೂ ಸರ್ಪಗಂಧವು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಪರೀಕ್ಷೆಯ ಆತಂಕಕ್ಕೆಂದು ನಿದ್ದೆ ಬರಿಸುವ ಬೇರನ್ನು ಸಂತೆಯಲ್ಲಿ ಕೊಂಡು ತರುವ ಪೋಷಕರಿಗೆ ಇದನ್ನು ತಿಳಿಸಿಕೊಡುವುದು ವಿಜ್ಞಾನದ ಉಪಾಧ್ಯಾಯರ ಕೆಲಸ.

ಕಾನೂನು ಏನು ಹೇಳುತ್ತದೆಂಬುದೂ ತಿಳಿದಿರುವುದು ಒಳ್ಳೆಯದು. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಔಷಧಗಳು ಸಾಧಿಸಿಕೊಡುವುದಾಗಿ ಹೇಳಿಕೊಳ್ಳಬಾರದ ಸಂಗತಿಗಳ ಉದ್ದನೆಯ ಪಟ್ಟಿಯಿದೆ. ಮಿದುಳಿನ ಸಾಮರ್ಥ್ಯವನ್ನೂ ಜ್ಞಾಪಕಶಕ್ತಿಯನ್ನೂ ಹೆಚ್ಚಿಸುವುದು ಆ ಪಟ್ಟಿಯಲ್ಲಿ ಸೇರಿದೆ. ಅಂಗಡಿಯ ಸಾಲುಗಳನ್ನು ಒಮ್ಮೆ ನೋಡಿದವರಿಗೆ ಈ ಪಟ್ಟಿ ಯಾರ ಕಣ್ಣಿಗೂ ಬಿದ್ದಿಲ್ಲವೇನೋ ಎನಿಸುತ್ತದೆ.

ಸೋಜಿಗವೆಂದರೆ, ಆಯುರ್ವೇದದ ಹೆಸರಿನಲ್ಲಿ ಶೀಶೆಗೆ ಮೊದಲ ಸ್ಥಾನ ಕೊಡುವವರು ಆಯುರ್ವೇದವೇ ಹೇಳಿದ ಕ್ರಮವನ್ನು ತಲೆಕೆಳಗು ಮಾಡುತ್ತಿದ್ದಾರೆ. ಶರೀರವನ್ನು ಹೊತ್ತಿರುವ ಉಪಸ್ತಂಭಗಳು ಮೂರೆಂದು ಚರಕಸಂಹಿತೆ ಎಣಿಸುತ್ತದೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ರಸಾಯನದ ಮಾತು ಬರುವುದು ಈ ಕಂಬಗಳು ನಿಂತ ಮೇಲೆ. ಕಂಬ ಮುರಿದ ಮನೆಗೆ ಸುಣ್ಣ ಬಳಿಯುವವನನ್ನು ಯಾರೂ ಬುದ್ಧಿವಂತನೆನ್ನುವುದಿಲ್ಲ. ಮನಸ್ಸಿನ ರೋಗಗಳಿಗಂತೂ ಆ ಶಾಸ್ತ್ರವು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳ ಜೊತೆಗೆ ಸತ್ತ್ವಾವಜಯವೆಂಬ ಪ್ರತ್ಯೇಕ ಚಿಕಿತ್ಸೆಯನ್ನೇ ವಿಧಿಸಿದೆ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು ಅದರ ಸ್ವರೂಪ. ಅದಕ್ಕೆ ಬೇಕಾದ ಉಪಕರಣ ಅರಿವುಳ್ಳವನ ಮಾತು, ಧೈರ್ಯ, ಸಾಹಚರ್ಯ. ಇಂದು ಆಪ್ತಸಮಾಲೋಚನೆ ಎಂಬ ಹೆಸರಿನಲ್ಲಿ ನಡೆಯುವ ಕೆಲಸಕ್ಕೆ ಇದಕ್ಕಿಂತ ಹತ್ತಿರವಾದ ಹಳೆಯ ಹೆಸರು ದೊರಕಲಾರದು.

ನಿದ್ರೆಯ ಕಂಬವನ್ನು ಮುರಿಯುತ್ತಿರುವವರು ಯಾರು? ಇಲ್ಲಿ ಶಾಲೆಗಳೂ ವಿದ್ಯಾರ್ಥಿನಿಲಯಗಳೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾಗಿದೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಅಭಿಪ್ರಾಯ. ಬೆಳಗಿನ ಜಾವ ನಾಲ್ಕೂವರೆಗೆ ಗಂಟೆ ಬಾರಿಸಿ, ರಾತ್ರಿ ಹನ್ನೊಂದರವರೆಗೆ ಪುಸ್ತಕದ ಮುಂದೆ ಕೂರಿಸುವ ನಿಲಯಗಳಲ್ಲಿ ಮಗುವಿಗೆ ದಕ್ಕುವುದು ಐದೂವರೆ ಗಂಟೆ. ಹಗಲು ಕಲಿತುದನ್ನು ಮಿದುಳು ನೆಲೆಗೊಳಿಸುವುದು ನಿದ್ದೆಯಲ್ಲಿ ಎಂಬುದು ಈಗ ಪ್ರಯೋಗಸಿದ್ಧವಾದ ಸಂಗತಿ. ನಿದ್ದೆಯನ್ನು ಕಿತ್ತುಕೊಂಡು ನೆನಪಿನ ಲೇಹ್ಯವನ್ನು ಕೊಡುವುದು ಒಂದು ಕೈಯಿಂದ ಎರೆದು ಇನ್ನೊಂದರಿಂದ ಬಸಿಯುವ ವ್ಯವಹಾರ. ಬ್ರಾಹ್ಮೀ ಮುಹೂರ್ತದ ಅಧ್ಯಯನ ಶ್ರೇಷ್ಠವೆಂಬ ಮಾತನ್ನು ಇಲ್ಲಿ ಮುಂದೊಡ್ಡುವವರುಂಟು. ಶ್ರೇಷ್ಠವೇ ಹೌದು, ಆದರೆ ಆ ನಿಯಮ ಹುಟ್ಟಿದ್ದು ಕತ್ತಲಾಗುವ ಹೊತ್ತಿಗೆ ಉಂಡು ಮಲಗುತ್ತಿದ್ದವರ ನಾಡಿನಲ್ಲಿ. ಬೇಗ ಏಳಿಸುವ ನಿಲಯ ಒಂಬತ್ತಕ್ಕೆ ದೀಪ ಆರಿಸಲಿ.

ಆಹಾರದ ಕಂಬದ ಸ್ಥಿತಿಯೂ ಗಟ್ಟಿಯಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತ ಕಡಿಮೆಯಾದ ಹುಡುಗಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ, ಬೇಗ ದಣಿವು, ಎದೆಬಡಿತ, ಕಾರಣವಿಲ್ಲದ ಕಳವಳ. ಪರೀಕ್ಷಾಭಯದ ಲಕ್ಷಣಗಳನ್ನೂ ರಕ್ತಹೀನತೆಯ ಲಕ್ಷಣಗಳನ್ನೂ ಎದುರುಬದುರು ಬರೆದು ನೋಡಿದರೆ ಅರ್ಧಕ್ಕರ್ಧ ಒಂದೇ ಆಗಿರುತ್ತವೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಉಚಿತವಾಗಿ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಬೀಳುವುದೂ, ಮನೆಯವರು ಸಾಲಮಾಡಿ ತಂದ ಪಾನಕ ಭಕ್ತಿಯಿಂದ ಕುಡಿಯಲ್ಪಡುವುದೂ ಒಂದೇ ಕೊಠಡಿಯಲ್ಲಿ ನಡೆಯುತ್ತದೆ. ಮಾತ್ರೆಯನ್ನು ಊಟದ ಬಳಿಕ ಕೊಡಿಸಿ, ಜೊತೆಗೆ ಅರ್ಧ ನೆಲ್ಲಿಕಾಯಿಯನ್ನೋ ನಿಂಬೆಯ ರಸವನ್ನೋ ಸೇರಿಸಿದರೆ ಕಬ್ಬಿಣ ಮೈಗೆ ಹತ್ತುವುದು ಸುಲಭ. ಜೋಗಿಮಟ್ಟಿಯ ಸೀಮೆಯ ಮೂಲಿಕೆಯೊಂದು ವಿದ್ಯಾರ್ಥಿನಿಯರಿಗೆ ನೇರವಾಗಿ ಒದಗುವುದಾದರೆ ಅದು ಈ ನೆಲ್ಲಿಯೇ ಇರಬೇಕು. ಬುದ್ಧಿವರ್ಧಕದ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲದಿದ್ದರೂ ಚಿಂತೆಯಿಲ್ಲ. ಒಂದೆಲಗದ ಚಟ್ನಿ, ತಂಬುಳಿಗಳನ್ನು ಸೊಪ್ಪಾಗಿ ಊಟದಲ್ಲಿ ಬಡಿಸುವುದಕ್ಕೆ ಆಕ್ಷೇಪಣೆಯಿಲ್ಲ. ಅಮೃತವೆಂದು ಹೇಳಿ ಬಡಿಸದಿದ್ದರೆ ಸಾಕು.

ಭಯವನ್ನೆಲ್ಲ ರೋಗವೆಂದು ಎಣಿಸುವುದೂ ಸಲ್ಲದು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಮಿತವಾದ ಉದ್ವೇಗ ಕಲಿಕೆಗೆ ನೆರವಾಗುತ್ತದೆ, ಕೆಲಸ ಕಠಿಣವಾದಷ್ಟೂ ಅತಿಯಾದ ಉದ್ವೇಗ ಕೆಡಿಸುತ್ತದೆ ಎಂದು ತೋರಿಸಿದರು. ಪರೀಕ್ಷೆಯ ಮುನ್ನಾದಿನ ಎದೆ ಡವಗುಟ್ಟುವುದು ಆರೋಗ್ಯದ ಲಕ್ಷಣ. ಊಟ ಸೇರದೆ, ವಾರಗಟ್ಟಲೆ ನಿದ್ದೆ ಬಾರದೆ, ಗೆಳೆಯರಿಂದ ದೂರ ಸರಿದು, ತಾನು ಇದ್ದೇನು ಪ್ರಯೋಜನವೆಂಬ ಮಾತು ಬಾಯಲ್ಲಿ ಬಂದರೆ ಅದು ಬೇರೆ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ತಮ್ಮ ಜೀವವನ್ನು ತಾವೇ ಕಳೆದುಕೊಂಡ ವಿದ್ಯಾರ್ಥಿಗಳ ಸಂಖ್ಯೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 13,000ಕ್ಕೆ ಮಿಕ್ಕಿತ್ತು. ಅವರೆಲ್ಲರ ಸಾವಿಗೂ ಪರೀಕ್ಷೆಯೇ ಕಾರಣವಲ್ಲ. ಆದರೂ ಅಂಥ ಲಕ್ಷಣಗಳು ಕಂಡ ಮಗುವಿಗೆ ಲೇಹ್ಯ ನೆಕ್ಕಿಸುತ್ತ ದಿನ ಕಳೆಯುವುದು ಅಪಚಾರ. ಅಂಥವರಿಗಾಗಿ 2022ರ ಅಕ್ಟೋಬರ್ 10ರಿಂದ ಸರ್ಕಾರದ ಟೆಲಿ-ಮಾನಸ್ ದೂರವಾಣಿ ಸೇವೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಲಭ್ಯ. ಪ್ರತಿಯೊಂದು ನಿಲಯದ ಗೋಡೆಯ ಮೇಲೆ ಇದನ್ನು ಮಕ್ಕಳ ಕಣ್ಣೆತ್ತರದಲ್ಲಿ ಬರೆಯಿಸಬಹುದು; ಬಣ್ಣದ ಖರ್ಚು ಒಂದು ಶೀಶೆಯ ಬೆಲೆಯನ್ನು ಮೀರುವುದಿಲ್ಲ.

ದಾನಿಗಳ ವಿಷಯಕ್ಕೆ ಬರುವುದಾದರೆ, ಅನ್ನದಾಸೋಹ, ಜ್ಞಾನದಾಸೋಹಗಳ ಪರಂಪರೆಯಲ್ಲಿ ಕೊಡುವ ಕೈಗೆ ಎಂದೂ ಕೊರತೆಯಾಗಿಲ್ಲ. ಹಳ್ಳಿಯ ಬಡವರ ಮಕ್ಕಳು ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿ ದೊಡ್ಡವರಾದುದು ಈ ನಾಡಿನ ವಿದ್ಯಾಭ್ಯಾಸದ ಚರಿತ್ರೆಯ ಹಿರಿಯ ಅಧ್ಯಾಯ. ಅದನ್ನು ಕಟ್ಟಿದವರು ಹಣವನ್ನು ಮೊದಲು ಅಕ್ಕಿ, ರಾಗಿ, ಸೂರುಗಳಿಗೆ ಹಾಕಿದರು. ಇಂದಿನ ದಾನಕ್ಕೆ ಅದೇ ವಿವೇಕ ಬೇಕಾಗಿದೆ. ಇನ್ನೂರು ಮಕ್ಕಳಿಗೆ ಮೂರು ತಿಂಗಳ ಪಾನಕ ಕೊಡಿಸುವ ಹಣದಲ್ಲಿ, ತರಬೇತಿ ಪಡೆದ ಆಪ್ತಸಮಾಲೋಚಕರೊಬ್ಬರನ್ನು ಜನವರಿಯಿಂದ ಏಪ್ರಿಲ್ಲಿನವರೆಗೆ ವಾರಕ್ಕೆರಡು ದಿನ ಶಾಲೆಗೆ ಕರೆಸಬಹುದು. ಎಲ್ಲ ಮಕ್ಕಳ ರಕ್ತಪರೀಕ್ಷೆ ಮಾಡಿಸಬಹುದು. ಹಳೆಯ ವಿದ್ಯಾರ್ಥಿಗಳಿಂದ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಒಂದು ಸಂಜೆ. ಹತ್ತನೆಯ ತರಗತಿಯಲ್ಲಿ ಒಮ್ಮೆ ನಪಾಸಾಗಿ, ಮರಳಿ ಕಟ್ಟಿ, ಮುಂದೆ ಬಾಳು ಕಟ್ಟಿಕೊಂಡವರು ಯಾವ ಶಾಲೆಯ ಹಳಬರಲ್ಲಿಯೂ ಇದ್ದೇ ಇರುತ್ತಾರೆ. ವಾರ್ಷಿಕೋತ್ಸವದ ವೇದಿಕೆಗೆ ಸದಾ ಮೊದಲ ದರ್ಜೆಯವರನ್ನೇ ಕರೆಯುವ ಪದ್ಧತಿಯನ್ನು ಒಂದು ವರ್ಷ ಬಿಟ್ಟು, ಅವರಲ್ಲೊಬ್ಬರನ್ನು ಕರೆದರೆ ಹಿಂದಿನ ಬೆಂಚಿನವರಿಗೆ ಆಗುವ ಉಪಕಾರ ಯಾವ ಕಷಾಯದಿಂದಲೂ ಆಗದು. ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಇರುವುದನ್ನು ಎಷ್ಟೋ ತಂದೆತಾಯಿಗಳು ಇನ್ನೂ ಸರಿಯಾಗಿ ಅರಿತಿಲ್ಲ. ಅವರ ಮನೆಬಾಗಿಲಿಗೆ ಹೋಗಿ ತಿಳಿಸುವವರು ಬೇಕು.

ಮೂಲಿಕೆಗೆ ಶಾಲೆಯಲ್ಲಿ ಸ್ಥಾನವೇ ಬೇಡವೆಂದು ಇದರ ಅರ್ಥವಲ್ಲ. ಅದರ ಸ್ಥಾನ ಔಷಧದ ಕಪಾಟಿಗಿಂತ ತೋಟದಲ್ಲಿರುವುದು ಲೇಸು. ಜೋಗಿಮಟ್ಟಿಯಿಂದ ಗಿಡ ಕಿತ್ತು ತರುವಂತಿಲ್ಲ. ವನ್ಯಜೀವಿಧಾಮದಿಂದ ಅನುಮತಿಯಿಲ್ಲದೆ ಒಂದು ಬೇರನ್ನು ತೆಗೆಯುವುದೂ 1972ರ ಕಾನೂನಿಗೆ ವಿರುದ್ಧ. ಆದರೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಿಂದ ಸಸಿ ತಂದು, ವರ್ಷಕ್ಕೊಮ್ಮೆ ಮಕ್ಕಳನ್ನು ಅದೇ ಬೆಟ್ಟಕ್ಕೆ ಕರೆದೊಯ್ದು ಗಿಡ ನಿಂತಲ್ಲಿಯೇ ಗುರುತಿಸಲು ಕಲಿಸಬಹುದು. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಅಕ್ಕಪಕ್ಕದಲ್ಲಿ ನೆಟ್ಟು ಹೆಸರಿನ ಫಲಕ ಇಟ್ಟರೆ ಮೇಲೆ ಹೇಳಿದ ಗೊಂದಲದ ಅರ್ಧ ಭಾಗ ಒಂದೇ ಮಳೆಗಾಲದಲ್ಲಿ ಕಳೆಯುತ್ತದೆ. ಸಂಜೆಯ ಅರ್ಧ ಗಂಟೆ ಕೈ ಮಣ್ಣಾಗುವುದರಿಂದ ಓದಿ ದಣಿದ ತಲೆಗೆ ಸಿಗುವ ವಿರಾಮ ಪ್ರತ್ಯೇಕ ಲಾಭ.

ವಿಷ್ಣುಕ್ರಾಂತಿ, ಹಿರೇಮದ್ದುಗಳಿಗೆ ನೀರಿನ ಯೋಚನೆಯಿಲ್ಲ. ಆವರಣದ ಕಲ್ಲುಮೂಲೆಯೇ ಅವಕ್ಕೆ ಹಿತ. ಅಮೃತಬಳ್ಳಿಗೆ ಬೇಲಿಯಂಚಿನ ಒಂದು ಬೇವಿನ ಮರ ಸಾಕು. ಒಂದೆಲಗಕ್ಕೆ ಮಾತ್ರ ಬಾರೋ ತಿಂಗಳೂ ತೇವ ಬೇಕು. ಊಟದ ಮನೆಯ ಕೈತೊಳೆಯುವ ನೀರು ಹರಿಯುವ ಕಾಲುವೆಯ ಬದಿಗೆ ಅದನ್ನು ನೆಡುವ ಪರಿಪಾಠ ಅಲ್ಲಲ್ಲಿ ಉಂಟು; ಹಸಿಯಾಗಿ ತಿನ್ನುವ ಸೊಪ್ಪನ್ನು ಕೊಳೆನೀರಿನಲ್ಲಿ ಬೆಳೆಯಬಾರದು. ಕುಡಿಯುವ ನೀರಿನ ತೊಟ್ಟಿ ತುಂಬಿ ಹೊರಚೆಲ್ಲುವ ಜಾಗದಲ್ಲಿ, ಹುಣಿಸೆಯ ನೆರಳು ಬೀಳುವ ಬದಿಗೆ, ಎರಡು ಗಜ ಅಗಲದ ಪಾತಿ ಮಾಡಿದರೆ ನಿಲಯದ ಚಟ್ನಿಗೆ ಸಾಕಾಗುವಷ್ಟು ಎಲೆ ದೊರೆಯುತ್ತದೆ.